ಏಳು ಬಿರಡೆ

ಐದು ಜನಕ್ಕೆ ಏಳರಂತೆ ಮೂವತ್ತೈದು ಗ್ಲಾಸು
ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿಟ್ಟೆ.
ಅತ್ತರು ಪೂಸಿಕೊಂಡು ಬರಬೇಡಿ ಅಂತ ಹೇಳಿ ಕಳಿಸಿದ್ದರೂ
ಮ್ಯಾಡ್ರಿಡ್ಡಿನ ವ್ಯಾಪಾರಿ ಘಮಘಮ ಬಂದ.
ಬಾಲ್ಬಿನಾ ಅವನ ಕೈ ಕುಲುಕಿ ಕೂರಿಸಿದಳು.
ಹಿಂದಿನ ಬಾಲ್ಬಿನಾ ಆಗಿದ್ದರೆ
ಬಾವಿಕಟ್ಟೆಗೆ ಅಟ್ಟಿ ಕುತ್ತಿಗೆ ತೊಳೆಸುತ್ತಿದ್ದಳು.

ಇಪ್ಪತ್ತೆರಡು ಕೊಯ್ಲು ಈ ನೆಲಮಾಳಿಗೆಯಲ್ಲಿ ಕಳೆದವನು ನಾನು.
ತನ್ನ ಮೂಗಿನ ನೇರಕ್ಕೇ ಬದುಕಿದ ಹೆಂಗಸು ಆಕೆ:
ಪೀಪಾಯಿಯ ಬಾಯಿಗೆ ಮುಖವೊಡ್ಡಿ
‘ದೆಲ್ಮಿರೊ, ಬೆಳ್ಳುಳ್ಳಿ ತಿಂದು ಇದನ್ನು ಕಲಕಿದ್ದೀಯ’ ಅನ್ನುತ್ತಿದ್ದಳು.
ಹೋದ ಚಳಿಗಾಲ ಜ್ವರ ಬಂತು.
ಜ್ವರ ಇಳಿಯಿತು, ವಾಸನೆ ಮರಳಲಿಲ್ಲ.
ಬೆಕ್ಕು ಮೂಸಿ ಬಿಟ್ಟುಹೋದ ಮೀನನ್ನು
ಆಕೆ ಮುಳ್ಳು ಬಿಡಿಸಿ ತಿನ್ನುವುದು ಕಂಡೆ.
ಗೊತ್ತಿರುವುದು ನನಗೆ, ಬೆಕ್ಕಿಗೆ, ಓರೆನ್ಸೆಯ ಡಾಕ್ಟರಿಗೆ.

ಒಂದೇ ಇಳಿಜಾರು, ಒಂದೇ ಗೊದೆಯೊ ದ್ರಾಕ್ಷಿ,
ಕೆಳಗೆ ಅದೇ ಸಿಲ್ ನದಿ,
ಬೇರೆಯಾದದ್ದು ಆಯಾ ವರ್ಷದ ಆಕಾಶ ಮಾತ್ರ
ಎಂದು ವ್ಯಾಪಾರಿ ಪುಸ್ತಕದಲ್ಲಿ ಬರೆದುಕೊಂಡ.
ನಮ್ಮ ಕೈಗಳೂ ಬೇರೆಯಾಗಿದ್ದವು.
ಅದನ್ನು ಹೇಳಲು ಹೋಗಲಿಲ್ಲ.

ಗೋಡೆ ಪೂರ್ತಿ ಸ್ಲೇಟುಕಲ್ಲು. ಸೀಮೆಸುಣ್ಣದಲ್ಲಿ
ವರ್ಷಗಳನ್ನು ಬರೆದವಳು ಆಕೆ,
ತೇವಕ್ಕೆ ಅಳಿಸಿದಾಗಲೆಲ್ಲ ತಿದ್ದಿದವನು ನಾನು.

ಮೊದಲನೆಯದು ಕಳೆದ ವರ್ಷದ್ದು. ಇನ್ನೂ ದೋರಗಾಯಿ,
ಹಲ್ಲು ಜುಮ್ಮೆನ್ನುವ ಹುಳಿ.
ಲೂಗೊದಿಂದ ಬಂದ ಉಶಿಯಾ ‘ಹಸಿರು ಸೇಬು’ ಅಂದಳು.
ಎರಡನೆಯದು ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷ.
ಹೊಗೆ ಸಿಪ್ಪೆಗೆ ಕೂತು, ಗುಟುಕಿನ ಕೊನೆಯಲ್ಲಿ ಬೂದಿ.
ಯಾರೋ ಅದನ್ನು ಗಾಂಭೀರ್ಯ ಅಂದರು. ಅನ್ನಲಿ.
ಮೂರನೆಯದಕ್ಕೆ ಏಪ್ರಿಲ್ಲಿನ ಹಿಮ ಚಿಗುರು ಸುಟ್ಟು
ಇಡೀ ತೋಟಕ್ಕೆ ಸಿಕ್ಕಿದ್ದು ಒಂದೇ ಪೀಪಾಯಿ.
ಬಾಲ್ಬಿನಾ ಬಾಯಲ್ಲೇ ಹೊರಳಿಸಿ
‘ಒಸಡಿಗೆ ಉಗುರು ತಾಗಿದ ಹಾಗಿದೆ’ ಅಂದಳು.
ಸರಿಯಾಗಿತ್ತು. ನಾನು ಉಸಿರು ಬಿಟ್ಟೆ.
ನಾಲ್ಕನೆಯದನ್ನೂ ದಾಟಿದಳು:
ಎಣ್ಣೆಯಂಥ ತೂಕ, ನಾಲಗೆಗೇ ತಿಳಿಯುವಂಥದ್ದು.

ಐದನೆಯ ಬಿರಡೆ ಎಳೆದೆ.
ಒದ್ದೆ ರಟ್ಟಿನ ಮುಗ್ಗಲು ನಾತ
ಬಾಟಲಿಯಿಂದ ನೇರ ನನ್ನ ಮುಖಕ್ಕೆ.
ಕೈ ಮಾತ್ರ ಸುರಿಯುತ್ತಲೇ ಇತ್ತು.
ಅತಿಥಿಗಳು ಮೂಸಿದರು, ಒಬ್ಬರ ಮುಖ ಒಬ್ಬರು ನೋಡಿದರು,
ಮನೆಯೊಡತಿಯೇ ಹೇಳಲಿ ಅಂತ ಕಾದರು.
ಆಕೆ ಗ್ಲಾಸನ್ನು ಮೂಗಿನ ಹತ್ತಿರ ತಂದು
ಹಳೆಯ ಅಭ್ಯಾಸದಲ್ಲಿ ಕಣ್ಣು ಮುಚ್ಚಿದಳು.
ನನ್ನ ಮೊಣಕೈ ಮೇಜಿಗೆ ಬಡಿಯಿತು.
ಬೇಕೆಂದೇ ಬಡಿಯಿತು.
ಎರಡು ಗ್ಲಾಸು ನೆಲಕ್ಕೆ.

ಆಕೆ ಕಣ್ಣು ತೆರೆದು ಚೂರುಗಳನ್ನಲ್ಲ, ನನ್ನನ್ನು ನೋಡಿದಳು.
‘ಇಷ್ಟು ವರ್ಷದಲ್ಲಿ ಇವನು ಒಂದು ಗ್ಲಾಸೂ ಒಡೆದವನಲ್ಲ.
ಇದು ಕೆಟ್ಟಿದೆ, ಅಲ್ಲವೇನೋ?
ನನಗೆ ತಿಳಿಯದು. ಏಳು ತಿಂಗಳಿಂದ
ನನಗೆ ಯಾವುದೂ ತಿಳಿಯದು.’

ಉಶಿಯಾ ಎದ್ದು ಪೊರಕೆ ಹುಡುಕಿದಳು.

‘ಇನ್ನೆರಡಿವೆ,’ ಅಂದಳು ಬಾಲ್ಬಿನಾ. ‘ನೀವು ಹೇಳಿ, ನಾನು ಕೇಳುತ್ತೇನೆ.
ಪುಸ್ತಕದ ಮಾತು ಬೇಡ.’
ಆರನೆಯದಕ್ಕೆ ಉಶಿಯಾ:
ಕಾಡುಸೋಂಪಿನ ಗಿಡ ತುಳಿದುಕೊಂಡು ಹೋದ ದಾರಿ.
ವ್ಯಾಪಾರಿ ತಡವರಿಸಿ, ಪೆನ್ನು ಜೇಬಿಗಿಟ್ಟು:
ಅಜ್ಜಿ ಒದ್ದೆ ದುಪ್ಪಟಿಯ ಮೇಲೆ ಇಸ್ತ್ರಿ ಒತ್ತಿದಾಗ ಏಳುತ್ತಿದ್ದ ಹಬೆ.
‘ಹೌದು, ಆ ವರ್ಷ ಅದು ಹಾಗೇ ಇತ್ತು,’
ಇನ್ನಷ್ಟು ಸುರಿ ಅಂತ ಗ್ಲಾಸು ಚಾಚಿದಳು.
ಏಳನೆಯದು ಹತ್ತೊಂಬತ್ತು ವರ್ಷ ಹಳೆಯದು, ಜೇನಿನ ಬಣ್ಣ.
ಬಹಳ ಹೊತ್ತು ಯಾರಿಗೂ ಮಾತು ಸಿಗಲಿಲ್ಲ.
‘ಹುಳಿ ಇನ್ನೂ ನಿಂತಿದೆ,’ ಅಂತ ಆಕೆಯೇ ಹೇಳಿದಳು.

ಅವರೆಲ್ಲ ಹೋದ ಮೇಲೆ ಅತ್ತರಿನ ಸಂಗತಿ ಒಪ್ಪಿಸಿದೆ.
ಎಷ್ಟೋ ಹೊತ್ತು ನಕ್ಕಳು.
ಎರಡು ದಿನ ಅದು ನೆಲಮಾಳಿಗೆ ಬಿಟ್ಟು ಹೋಗಲಿಲ್ಲ.
ಬೆಳಿಗ್ಗೆ ಬಂದವಳೇ ಕೇಳುವಳು: ಇನ್ನೂ ಇದೆಯಾ?
ಇದೆ.
ಮೂರನೆಯ ದಿನ, ಹೋಯಿತು ಅಂದೆ.
ಹೇಗಿತ್ತು ಹೇಳು, ಅಂದಳು,
ಮೆಟ್ಟಿಲ ಮೇಲಿನ ಬೆಕ್ಕನ್ನು ಸರಿಸಿ ಕೂತು.